ಲೊರೆಟ್ಟಾಳ ಹೊಸ ಕ್ವಾರ್ಟರ್‌ಬ್ಯಾಕ್
ಓಹಾಯೋದ ನಮ್ಮ ಬೀದಿಯಲ್ಲಿ ಹೋಟೆಲಿನ ಲೊರೆಟ್ಟಾ ಅಂದರೆ ಅಮೆರಿಕನ್ ಫುಟ್‌ಬಾಲಿನ ಜ್ಯೋತಿಷಿ. ನಮ್ಮ ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಬಂದನೆಂದರೆ ಸಾಕು, ಕಾಫಿ ಬಗ್ಗಿಸುವುದನ್ನು ಅರ್ಧಕ್ಕೇ ಬಿಟ್ಟು, "ಕೇಳ್ರಪ್ಪಾ, ಈ ಸಲ ಕೊನೇ ಸುತ್ತಿಗೆ, ಪ್ಲೇಆಫ್‌ಗೆ ಹೋಗೇ ಹೋಗ್ತೀವಿ" ಅನ್ನುತ್ತಾಳೆ. ಹೊಸಬ ಚೆಂಡೆಸೆಯುವ ಠೀವಿ ತೋರಿಸಲು ಗಿರಾಕಿಗಳತ್ತ ಬನ್ನು ಬೀಸುತ್ತಾಳೆ. ಹಿಡಿಯದವರಿಗೆ ಎರಡನೇ ಲೋಟ ಕಾಫಿಯಿಲ್ಲ. "ಹೋದ ವರ್ಷದವನು ಬಂದಾಗ್ಲೂ ನೀನು ಹಿಂಗೇ ಅಂದಿದ್ದೆ ಅಕ್ಕಾ" ಎಂದು ಅಂಚೆಯ ಡ್ವೇನ್ ಕೆಣಕಿದರೆ, "ಅವನ ಭುಜ ಬೇರೆ, ಇವನ ಭುಜ ಬೇರೆ ಕಣೋ, ಸುಮ್ನೆ ತಿನ್ನು" ಎಂದು ಗದರುತ್ತಾಳೆ. ಇಷ್ಟು ಗಟ್ಟಿಯಾಗಿ ಹೇಳುವುದೆಲ್ಲ ಕಿಟಕಿ ಪಕ್ಕ ಗಾಲಿಕುರ್ಚಿಯಲ್ಲಿ ಕೂತ ಗಂಡ ರೂಫಸ್‌ಗೆ ಕೇಳಲೆಂದೇ. ಮದುವೆಯಾದಾಗಿನಿಂದ ಅವಳ ಒಂದೊಂದು ಭವಿಷ್ಯಕ್ಕೂ ಅಡ್ಡ ಮಾತಾಡುತ್ತಿದ್ದ ಅವನು, ಲಕ್ವ ಹೊಡೆದ ಮೇಲೆ ಒಂದು ಮಾತೂ ಆಡಿರಲಿಲ್ಲ. ಮೊನ್ನೆ ಹೊಸ ಹುಡುಗನ ಸುದ್ದಿ ಬಂದಾಗ ಲೊರೆಟ್ಟಾ ಓಡಿ ಬಂದು ಅವನೆದುರು ಮಂಡಿಯೂರಿ, "ಹನ್ನೆರಡು ಪಂದ್ಯ ಗೆಲ್ತೀವಿ ಕಣೋ, ಕೇಳಿಸ್ತಾ?" ಅಂದಳು. ರೂಫಸ್ ಬಹಳ ಹೊತ್ತು ತುಟಿ ತಿರುಚಿ ತಿರುಚಿ, "ಸೋ... ಸೋಲ್ತಾರೆ" ಅಂದ. ಹೋಟೆಲೆಲ್ಲ ಎದ್ದು ನಿಂತಿತು. ಅವಳು ಅವನ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, "ಇನ್ನೊಂದ್ಸಲ ಹೇಳು" ಎಂದಳು.