ಕರೆಂಟಿಲ್ಲದ ಗಿಟಾರಿಗಾಗಿ ಬೆಂಗ್ರೆಗೆ

ಎಂಬತ್ತರ ದಶಕದ ಆರಂಭದ ಒಂದು ಮಾರ್ಚ್ ಭಾನುವಾರ, ಬೆಳಗಿನ ಬಸ್ಸಿಗೆ ವಾಮಂಜೂರಿನಲ್ಲಿ ಹತ್ತಿದೆ. ಗದ್ದೆಗಳ ಮೇಲೆ ಇನ್ನೂ ಮಂಜು ಇತ್ತು. ಬಸ್ಸಿನೊಳಗೆ ಆಗಲೇ ಸೆಕೆ. ಹೋಗಬೇಕಾದದ್ದು ಮಂಗಳೂರಿನ ಹೊಳೆಯಾಚೆಯ ಬೆಂಗ್ರೆಗೆ. ಎರಡು ಬಸ್ಸು, ಸ್ವಲ್ಪ ನಡಿಗೆ, ಒಂದು ದೋಣಿ.

ಹನ್ನೆರಡು ವರ್ಷ ಮಂಗಳೂರಿನ ಹೋಟೆಲುಗಳಲ್ಲಿ, ಮದುವೆ ರಿಸೆಪ್ಶನ್‌ಗಳಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ಬಾರಿಸಿದವನು. ಚೆನ್ನಾಗಿಯೇ ಬಾರಿಸುತ್ತಿದ್ದೆ. ಆದರೆ ಹಿಂದಿನ ತಿಂಗಳು ಶಾಲೆಯ ಗೆಳೆಯ ಹಮೀದ್ ದುಬಾಯಿಯಿಂದ ರಜೆಯಲ್ಲಿ ಬಂದವನು, ಬಂದರಿನ ತನ್ನ ಅಣ್ಣನ ಹಗ್ಗದ ಅಂಗಡಿಯಲ್ಲಿ ಕುಳಿತು ಸಾದಾ ಗಿಟಾರಿನಲ್ಲಿ ಫ್ಲಮೆಂಕೊ ಎಂಬ ಸ್ಪೇನಿನ ಸಂಗೀತ ಬಾರಿಸಿ ತೋರಿಸಿದ. ಅವನು ಕೆಲಸ ಮಾಡುವ ಹೋಟೆಲಿನಲ್ಲಿ ಒಬ್ಬ ಸ್ಪೇನಿನ ವಾದಕ ಇದ್ದನಂತೆ; ಆರು ವರ್ಷ ಅವನ ಪಕ್ಕದ ಕೋಣೆಯಲ್ಲಿದ್ದು ಕಲಿತದ್ದು. ಮೂರು ಜನ ಸೇರಿ ಬಾರಿಸಿದ ಹಾಗೆ ಕೇಳಿತು. ಪ್ಲಗ್ಗಿಲ್ಲ, ಸ್ಪೀಕರಿಲ್ಲ. ಇದನ್ನು ಕಲಿಯಲೇಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಆಮೇಲೆ ಮದುವೆಗಳ ಗಡಿಬಿಡಿಯಲ್ಲಿ ಒಂದು ದಿನವೂ ಸಿಗಲಿಲ್ಲ. ಈ ಭಾನುವಾರ ಕಳೆದರೆ ಮರುದಿನವೇ ಹಮೀದ್ ದುಬಾಯಿಗೆ ಹೊರಡುವವನಿದ್ದ. ಅವನನ್ನು ಬಿಟ್ಟರೆ ಕಲಿಸುವವರು ಈ ಊರಿನಲ್ಲಿ ಯಾರೂ ಇರಲಿಲ್ಲ. ಅಂದಿನ ರಿಸೆಪ್ಶನ್‌ಗೆ ಬೇರೆಯವನನ್ನು ಗೊತ್ತುಮಾಡಿ ಬ್ಯಾಂಡಿನವರ ಮುನಿಸು ಕಟ್ಟಿಕೊಂಡೇ ಹೊರಟಿದ್ದೆ.

ಕಂಕನಾಡಿಯಲ್ಲಿ ಇಳಿದು ಹಮೀದನ ತಾಯಿಗೆಂದು ಮುಸುಂಬಿ ಕೊಂಡೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಬಂದರಿನ ಒಣಮೀನಿನ ಗೋದಾಮುಗಳ ನಡುವೆ ನಡೆದು ದೋಣಿ ಹತ್ತುವ ದಕ್ಕೆಗೆ ಬಂದೆ. ದೋಣಿಗೆ ನಾಲ್ಕಾಣೆ. ಹೊಳೆ ಶಾಂತವಾಗಿತ್ತು.

ಹಮೀದನ ಮನೆಯಂಗಳದಲ್ಲಿ ಅವನ ಅಣ್ಣಂದಿರು ಬಲೆ ಹರಡಿ ಕುಳಿತಿದ್ದರು. ಒಳಗೆ ಹಮೀದನ ಪೆಟ್ಟಿಗೆ ಅರ್ಧ ತುಂಬಿತ್ತು. ಅವನು ಗಿಟಾರನ್ನು ನನ್ನ ಕೈಗೆ ಕೊಟ್ಟ. ನಾನು ರೂಢಿಯಂತೆ ಜೇಬಿನಿಂದ ತಂತಿ ಮೀಟುವ ಪಿಕ್ ತೆಗೆದೆ.

"ಅದು ಬೇಡ. ಬೆರಳು ಉಂಟಲ್ಲ?" ಎಂದ.

ಎಡಗೈಯದೇನೂ ತೊಂದರೆ ಇರಲಿಲ್ಲ. ಅವನು ತೋರಿಸಿದ ಹಿಡಿತಗಳೆಲ್ಲ ಒಂದೇ ಸಲಕ್ಕೆ ಬಂದವು. ಬಲಗೈ ಮಾತ್ರ ನನ್ನದೇ ಅನ್ನಿಸಲಿಲ್ಲ. ಮುಷ್ಟಿಯಿಂದ ಒಂದೊಂದೇ ಬೆರಳನ್ನು ಚಿಮ್ಮಿಸಿ ತಂತಿಗಳ ಮೇಲೆ ಬೀಸಬೇಕು. ನಾಲ್ಕೂ ಬೆರಳು ಒಟ್ಟಿಗೇ ಬಿದ್ದು ತಗಡಿನ ಸದ್ದಾಗುತ್ತಿತ್ತು. ಅದರ ಮೇಲೆ ಲೆಕ್ಕ ಬೇರೆ.

"ನಾಲ್ಕು ನಾಲ್ಕು ಎಣಿಸ್ತಾ ಇದ್ದಿ ಮಾರಾಯ. ಇದು ಹನ್ನೆರಡು. ಮೂರರಲ್ಲಿ ಒತ್ತು, ಆರರಲ್ಲಿ ಒತ್ತು, ಮತ್ತೆ ಎಂಟು, ಹತ್ತು, ಹನ್ನೆರಡು," ಎಂದು ಹಮೀದ್ ಮೊಣಕಾಲು ತಟ್ಟಿ ತೋರಿಸಿದ.

ತಪ್ಪಿದೆ, ಮತ್ತೆ ತಪ್ಪಿದೆ. ವಿಚಿತ್ರವೆಂದರೆ ನನಗೆ ಬೇಸರ ಬರಲಿಲ್ಲ. ಹದಿನೇಳರ ವಯಸ್ಸಿನಲ್ಲಿ ಗಿಟಾರ್ ಮೊದಲು ಮುಟ್ಟಿದಾಗ ಇದ್ದ ಹಸಿವು ವಾಪಸ್ಸಾಗಿತ್ತು.

ಮಧ್ಯಾಹ್ನ ಅವನ ತಾಯಿ ಅಕ್ಕಿರೊಟ್ಟಿ, ಬಂಗುಡೆ ಮೀನಿನ ಸಾರು ಬಡಿಸಿದರು. ಉಗುರಿನ ಬುಡದಲ್ಲಿ ಚರ್ಮ ಎದ್ದಲ್ಲಿಗೆಲ್ಲ ಖಾರ ತಾಗಿ ಕಣ್ಣಲ್ಲಿ ನೀರು ಬಂತು.

"ಸಾರು ಖಾರ ಆಯ್ತಾ ಮಗ?" ಎಂದು ಕೇಳಿದರು.

"ಇಲ್ಲ ಉಮ್ಮ, ಬೆರಳು."

ಅವರು ಎದ್ದು ಹೋಗಿ ಚಮಚ ತಂದಿಟ್ಟರು. ನಾನು ಚಮಚದಲ್ಲಿ ಉಂಡು ಕೈ ಒರೆಸಿ ಮತ್ತೆ ಗಿಟಾರ್ ಹಿಡಿದೆ. ಮೂರು ಗಂಟೆಯ ಸುಮಾರಿಗೆ ಬೆರಳುಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ಬಿದ್ದವು. ಹನ್ನೆರಡು ಎಣಿಕೆ ತುಂಬಿತು. ಅಂಗಳದಲ್ಲಿದ್ದ ಹಿರಿಯಣ್ಣ ತಲೆಯೆತ್ತಿ, "ಈಗ ಬಾರಿಸಿದ್ದು ಹಮೀದಾ, ಜಯರಾಮನಾ?" ಎಂದರು.

ಹಮೀದ್ ನಗಲಿಲ್ಲ. ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಅವನ ತಾಯಿ ಬ್ಯಾರಿ ಭಾಷೆಯಲ್ಲಿ ಏನೋ ಅಂದರು. ನನಗೆ ಪೂರ್ತಿ ತಿಳಿಯಲಿಲ್ಲ. ಹಮೀದ್ ಒಂದು ಹಳೆಯ ಲುಂಗಿ ತಂದು ಗಿಟಾರಿಗೆ ಸುತ್ತತೊಡಗಿದ.

"ನೀನು ತಕ್ಕೊಂಡು ಹೋಗು. ಅಲ್ಲಿ ನನಗೆ ಇನ್ನೊಂದು ಸಿಗ್ತದೆ, ಇಲ್ಲಿ ನಿನಗೆ ಸಿಗುದಿಲ್ಲ," ಎಂದ. "ಎರಡು ವರ್ಷ ಬಿಟ್ಟು ಬರ್ತೇನೆ. ಆಗ ನನಗಿಂತ ಚಂದ ಬಾರಿಸ್ಬೇಕು."

"ಬಾರಿಸ್ತೇನೆ," ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ಆ ಮಧ್ಯಾಹ್ನ ನನಗೆ ನನ್ನ ಮೇಲೆ ಅಷ್ಟು ಭರವಸೆ ಇತ್ತು.

ದೋಣಿ ಬಿಟ್ಟ ಮೇಲೆ ತಿರುಗಿ ನೋಡಿದೆ. ಹಮೀದ್ ದಡದಲ್ಲಿ ನಿಂತಿರಲಿಲ್ಲ. ಬೆನ್ನು ಹಾಕಿ ಮನೆಯ ಕಡೆ ನಡೆದಿದ್ದ. ಅಷ್ಟು ಪ್ರೀತಿಯ ವಸ್ತುವನ್ನು ಕೊಟ್ಟವನಿಗೆ ನಿಂತು ನೋಡುವುದು ಕಷ್ಟವಾಗಿರಬೇಕು.

ಪಕ್ಕದಲ್ಲಿ, ಆಸ್ಪತ್ರೆಯಲ್ಲಿ ಹೆತ್ತು ಮಲಗಿದ್ದ ಮಗಳಿಗೆ ಊಟ ಒಯ್ಯುತ್ತಿದ್ದ ಹೆಂಗಸೊಬ್ಬರು ಕುಳಿತಿದ್ದರು. "ಎಂತ ಅದು ಲುಂಗಿಯಲ್ಲಿ?" ಎಂದು ಕೇಳಿದರು. ಬಿಚ್ಚಿ ತೋರಿಸಿದೆ.

"ಹೇಗೂ ಬಿಚ್ಚಿದ್ದೀರಿ, ಸ್ವಲ್ಪ ಬಾರಿಸಿ. ಇವತ್ತು ನಮ್ಮಲ್ಲಿ ಖುಷಿ ಉಂಟು."

ಎಂಜಿನಿನ ಸದ್ದಿನ ನಡುವೆಯೇ ಶುರು ಮಾಡಿದೆ. ಎಂಟನೇ ಎಣಿಕೆಯಲ್ಲಿ ಎಡವಿದೆ. ಆಕೆಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಮೊದಲಿನಿಂದ ಹಿಡಿದೆ. ಅಷ್ಟರಲ್ಲಿ ದೋಣಿ ಬಂದರಿಗೆ ತಾಗಿತು, ಜನ ಇಳಿದರು. ಆಕೆ ಮಾತ್ರ ಬುತ್ತಿ ಹಿಡಿದು ದಡದಲ್ಲಿ ನಿಂತು ಕೇಳುತ್ತಿದ್ದರು.

"ಇಳೀರಿ ಮಾರಾಯ್ರೆ, ದೋಣಿ ವಾಪಸ್ ಹೋಗ್ತದೆ," ಎಂದ ದೋಣಿಯವನು.

"ಇನ್ನು ನಾಲ್ಕು ಎಣಿಕೆ ಉಂಟು," ಎಂದೆ. ಹನ್ನೆರಡಕ್ಕೆ ಮುಟ್ಟಿಸಿಯೇ ಎದ್ದೆ.