ಖಾಲಿ ಸೀಟಿನ ತೂಕ

ಆ ಸೀಟಿಗೆ ನಾನು ಕೊಟ್ಟದ್ದು ಒಂಬತ್ತು ಸಾವಿರ. ಹೊಸದಾದರೆ ಅದರ ಐದು ಪಟ್ಟು. ಮರುದಿನ ನಾವು ಸಿದ್ಧಪಡಿಸುತ್ತಿದ್ದ ಕಾರು ರೇಸಿಗೆ ಇಳಿಯಬೇಕಿತ್ತು, ರೇಸ್ ಸೀಟ್ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ, ಅದಕ್ಕೇ ತಂದೆ. ನೀವು ನಂಬಿ, ಬಿಡಿ. ಮುಂದಿನದನ್ನು ನಾನು ತೂಕದ ಯಂತ್ರದಲ್ಲೇ ಕಣ್ಣಾರೆ ಕಂಡವನು.

ಶಿವಾಜಿನಗರದಲ್ಲಿ ಗುಜರಿ ವ್ಯಾಪಾರ ಮಾಡುವ ಬಾಷಾ ಭಾಯ್, ಅಪಘಾತದ ಕಾರು ಬಂದರೆ ಎಂಜಿನ್, ಬಾಗಿಲು, ಚಕ್ರ ಎಲ್ಲ ಮಾರುತ್ತಾರೆ. ಡ್ರೈವರ್ ಸೀಟನ್ನು ಮಾತ್ರ ಕಟರ್‌ನಿಂದ ತುಂಡು ಮಾಡಿಸಿಬಿಡುತ್ತಾರೆ. ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಅಂದು ಅಪಘಾತದ ರೇಸ್ ಕಾರೊಂದರ ಸೀಟ್ ಇನ್ನೂ ತುಂಡಾಗದೆ ಬಿದ್ದಿತ್ತು, ಅದನ್ನೇ ಕೇಳಿದೆ.

"ಅರೆ, ಅದೊಂದು ಬೇಡ ಸಾರ್. ಬೇರೆ ಏನಾದ್ರೂ ಕೇಳಿ."

"ರೇಟ್ ಹೇಳಿ ಭಾಯ್."

"ರೇಟೇ ಇಲ್ಲ ಅಂತಿದೀನಲ್ಲ!"

ರೇಟ್ ಇಲ್ಲದ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೀ ಕುಡಿಸಿ, ದುಡ್ಡನ್ನು ಅವರ ಜೇಬಿಗೆ ತುರುಕಿ, ಸೀಟ್ ಹೊತ್ತು ಗರುಡಾಚಾರ್‌ಪಾಳ್ಯದ ನಮ್ಮ ಗ್ಯಾರೇಜ್ ಶೆಡ್ಡಿಗೆ ಬಂದೆ.

ಹಲಸೂರಿನ ಆನಂದ ನನ್ನ ಪಾಲುದಾರ. ರೇಸ್ ಓಡಿಸುವವನೂ ಅವನೇ. ಈ ರೇಸ್ ಮುಗಿಸಿದರೆ ಕಾರಿನ ಮಾಲೀಕ ತನ್ನ ಉಳಿದ ಗಾಡಿಗಳನ್ನೂ ನಮಗೇ ಕೊಡುತ್ತೇನೆಂದಿದ್ದ. ಇಲ್ಲದಿದ್ದರೆ ಶೆಡ್ಡಿಗೆ ಬೀಗ.

ರಾತ್ರಿ ಸೀಟ್ ಕೂರಿಸಿ, ಸಸ್ಪೆನ್ಷನ್ ಹೊಂದಿಸಲು ಪ್ರತಿ ಚಕ್ರದ ಅಡಿಗೂ ತೂಕದ ಹಲಗೆ ಇಟ್ಟೆವು. ಭಾರ ಸರಿಯಾಗಿ ಹಂಚಿಕೆಯಾಗದಿದ್ದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಡ್ರೈವರ್ ಬದಿಯಲ್ಲಿ ಎಪ್ಪತ್ತು ಕೆ.ಜಿ. ಜಾಸ್ತಿ. ಕಾರು ಖಾಲಿ...

ಹಲಗೆ ಬದಲಿಸಿದೆ. ಸ್ಪ್ರಿಂಗ್ ಬಿಗಿ ಮಾಡಿದೆ, ಸಡಿಲಿಸಿದೆ. ಮತ್ತೆ ಅಷ್ಟೇ. ಸೀಟಿನಿಂದ ಲವಂಗದ ವಾಸನೆ... ಯಾರೋ ಈಗಷ್ಟೇ ಅಗಿದ ಹಾಗೆ.

"ನೀನೊಂದ್ಸಲ ಕೂತ್ಕೋ ಮಗಾ, ನೋಡೋಣ," ಎಂದು ಆನಂದನಿಗೆ ಹೇಳಿ, ತೂಕ ತೋರಿಸುವ ಪರದೆಯ ಮೇಲೆ ಕಣ್ಣಿಟ್ಟೆ. ಬಾಗಿಲು ಹಾಕಿದ ಸದ್ದಾಯಿತು. ಅಂಕಿ ಕದಲಲಿಲ್ಲ.

"ಕೂತ್ಕೊಳೋ ಬೇಗ!"

"ಕೂತಿದೀನಿ ಕಣೋ. ಕಣ್ಣು ಕಾಣಲ್ವಾ?"

ತಲೆಯೆತ್ತಿದೆ. ಕೂತಿದ್ದ. ಎಪ್ಪತ್ತು ಕೆ.ಜಿ.ಯ ಆಳು. ಕಾರು ಕೂದಲೆಳೆಯಷ್ಟೂ ತಗ್ಗಿರಲಿಲ್ಲ... ಅವನು ಆಗಲೇ ಒಳಗಿದ್ದ ಹಾಗೆ.

ಇಳಿದ. ಸ್ಸ್... ಎಂದು ಕಾರು ಮೇಲೆದ್ದಿತು. ಅಂಕಿ ತಾನಾಗಿ ಸರಿಯಾಯಿತು. ಅವನ ಜೊತೆ ಏನು ಇಳಿಯಿತು?

"ನೋಡು ಗುರು, ಸರಿಹೋಯ್ತು! ಬೆಳಿಗ್ಗೆ ಹೊರಡೋಣ."

"ಬೇಡ ಕಣೋ, ಕೈ ಮುಗೀತೀನಿ. ನೀನು ಓಡಿಸ್ಬೇಡ."

"ತಲೆ ಕೆಟ್ಟಿದ್ಯಾ? ಶೆಡ್ ಹೋಗತ್ತೆ!"

"ಹೋಗ್ಲಿ."

ಅವನು ಕೂಗಾಡುತ್ತಿದ್ದಂತೆಯೇ ಬೋಲ್ಟ್ ಬಿಚ್ಚಿ, ಸೀಟನ್ನು ಹೊರಗೆಳೆದು ಕಟರ್ ಹಾಕಿದೆ. ರೇಸ್ ಹೋಯಿತು. ಶೆಡ್ಡೂ ಹೋಯಿತು.

ಆನಂದ ಈಗ ಇಂದಿರಾನಗರದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ನನ್ನನ್ನು ಮನೆಗೆ ಬಿಡಲು ಕಾರು ಹತ್ತಿದಾಗ, ನಾನು ಹೊರಗೇ ನಿಂತು ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವಿನ ಸಂದನ್ನು ನೋಡಿದೆ. ಒಬ್ಬನೇ ಕೂತರೆ ಕಾರು ಅಷ್ಟೊಂದು ತಗ್ಗಬಾರದು... ಅಥವಾ ಕತ್ತಲಲ್ಲಿ ನನಗೇ ಹಾಗೆ ಕಂಡಿತೋ.

"ಹತ್ತೋ," ಎಂದು ಅವನು ಪುಟ್ಟ ಡಬ್ಬಿ ಚಾಚಿದ. ಲವಂಗ. ಮೊದಲು ಅವನಿಗೆ ಅದರ ವಾಸನೆಯೇ ಆಗಿಬರುತ್ತಿರಲಿಲ್ಲ.

ಹಳೇ ಪಾರ್ಟ್ಸ್ ಕೊಳ್ಳಿ, ನಾನೂ ಕೊಳ್ಳುತ್ತೇನೆ. ಟರ್ಬೋದ ಶಾಫ್ಟ್ ಅಲುಗಾಡಿಸಿ ನೋಡಿ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿದೆಯೇ ನೋಡಿ, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ. ಆದರೆ ಮಾರುವವನು ಬೆಲೆಯನ್ನೇ ಹೇಳದೆ ತಲೆಯಾಡಿಸಿದರೆ, ಚೌಕಾಸಿ ಮಾಡಬೇಡಿ. ಎದ್ದು ಬಂದುಬಿಡಿ.