ಮೂಲೆ ಮೇಜಿನ ಮರ್ಯಾದೆಯ ಪದ

2006ರ ಫೆಬ್ರವರಿಯಲ್ಲಿ ಇಟಲಿಯ ಸಂಸತ್ತು ಒಂದು ಕಾನೂನು ಮಾಡಿ, ಹಳೆಯ ಕಾನೂನುಗಳಲ್ಲಿ ‘ಸೊರ್ದೊಮೂತೊ’ ಎಂದಿದ್ದ ಕಡೆಯಲ್ಲೆಲ್ಲ ‘ಸೊರ್ದೊ’ ಎಂದು ತಿದ್ದಿತು. ಮೊದಲನೆಯದೆಂದರೆ ಕಿವುಡ-ಮೂಗ. ಎರಡನೆಯದು ಬರೀ ಕಿವುಡ. ನಾನಾಗ ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಈ ಸುದ್ದಿ ನಮ್ಮಲ್ಲಿಗೆ ಬಂದಿರಲಿಲ್ಲ. ನನಗದು ತಲುಪಿದ್ದು ಎಷ್ಟೋ ವರ್ಷಗಳ ಮೇಲೆ, ಇಲ್ಲಿ ಕೆನಡಾದ ವಾನ್‌ನಲ್ಲಿ, ಎರಡು ಮನೆ ಆಚೆಗಿರುವ ನೆರೆಯವರ ಫೋನಿನ ಮೂಲಕ.

ನೆರೆಯವರು ಹುಟ್ಟಿನಿಂದ ಕಿವುಡರು. ಟೊರಾಂಟೋದ ಮುದ್ರಣಾಲಯವೊಂದರಲ್ಲಿ ದುಡಿದು ನಿವೃತ್ತರಾದವರು. ಯಂತ್ರಗಳ ಸದ್ದಿಗೆ ಬೇರೆಯವರ ತಲೆ ಸಿಡಿಯುತ್ತಿದ್ದಾಗ ತಾನು ಹಾಯಾಗಿದ್ದೆ ಎಂದು ಅವರು ಈಗಲೂ ಜಂಬ ಕೊಚ್ಚುತ್ತಾರೆ. ಕೈಯಲ್ಲಿ, ಹುಬ್ಬಿನಲ್ಲಿ, ಹೆಗಲಿನಲ್ಲಿ ಮಾತಾಡುತ್ತಾರೆ; ಅದು ಸಾಲದಾದಾಗ ಫೋನಿನಲ್ಲಿ ದಪ್ಪಕ್ಷರದ ಇಂಗ್ಲಿಷ್ ಒತ್ತಿ ನಮ್ಮ ಮೂಗಿನ ಬಳಿ ಹಿಡಿಯುತ್ತಾರೆ. ಇಟಲಿಯಲ್ಲಿ ಅವರು ಓದಿದ ಶಾಲೆಯ ಬಾಗಿಲ ಮೇಲೆ ‘ಸೊರ್ದೊಮೂತಿ’ ಎಂದಿತ್ತಂತೆ. ಮೂಗ ಎನ್ನಿಸಿಕೊಂಡ ಈ ಮನುಷ್ಯನಷ್ಟು ಮಾತಾಳಿಯನ್ನು ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.

ಕೆನಡಾಕ್ಕೆ ಬಂದಾಗ ಅವರು ‘ಡೆಫ್ ಅಂಡ್ ಡಂಬ್’ ಆದರು. ಆಮೇಲೆ ಅದು ಕೆಟ್ಟ ಮಾತಾಯಿತು. ‘ಹಿಯರಿಂಗ್ ಇಂಪೇರ್ಡ್’ ಬಂತು. ಅದನ್ನು ಕಂಡರೆ ಅವರು ಸ್ಟಿಯರಿಂಗ್ ಹಿಡಿದು ತೂರಾಡುವ ನಟನೆ ಮಾಡುತ್ತಾರೆ. ಕುಡಿದು ಕಾರು ಓಡಿಸಿದವರ ಮೇಲೆ ಇಲ್ಲಿನ ಪೊಲೀಸರು ಹಾಕುವ ಕೇಸಿಗೂ ‘ಇಂಪೇರ್ಡ್’ ಎಂದೇ ಹೆಸರು. ಇಟಾಲಿಯನ್ನಿನ ಸಭ್ಯ ಪದ ‘ನೊನ್ ಉದೆಂತೆ’, ಅಂದರೆ ಕೇಳಿಸಿಕೊಳ್ಳದವ. ಅದರ ಬಗ್ಗೆ ಅವರು ಫೋನಿನಲ್ಲಿ ತೋರಿಸಿದ್ದು ಇಷ್ಟು: “ನಿನ್ನನ್ನು ನಾನು ‘ಇಟಾಲಿಯನ್ ಅಲ್ಲದವ’ ಅಂತ ಕರೆಯಲಾ?” ಈಗ ಇಂಗ್ಲಿಷಿನಲ್ಲಿ ಮತ್ತೆ ಬರೀ ‘ಡೆಫ್’ ಬಂದಿದೆ. ಹಲವರು ಅದನ್ನು ದೊಡ್ಡಕ್ಷರದಿಂದ ಶುರುಮಾಡಿ ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಕನ್ನಡಕ್ಕೆ ದೊಡ್ಡಕ್ಷರವಿಲ್ಲದ್ದರಿಂದ ನಮ್ಮ ಡೆಸ್ಕಿಗೆ ಆ ತಲೆನೋವು ಇರಲಿಲ್ಲ. ನಾವು ‘ಕಿವುಡ’ ತೆಗೆದು ‘ಶ್ರವಣದೋಷವುಳ್ಳವರು’ ಎಂದು ಹಾಕಿದೆವು. ಒಂದು ಕಾಲಮ್ಮಿನ ತಲೆಬರಹದಲ್ಲಿ ಅದು ಹಿಡಿಯುತ್ತಿರಲಿಲ್ಲ. ಅಂಥ ದಿನ ಸುದ್ದಿಯನ್ನೇ ಒಳಪುಟಕ್ಕೆ ಕಳಿಸುತ್ತಿದ್ದೆವು.

ಧಾರವಾಡದಿಂದ ನನ್ನ ಸೋದರತ್ತೆ ಬಂದು ನಮ್ಮೊಂದಿಗೆ ಇರತೊಡಗಿದಾಗ ಅವರನ್ನು ನೆರೆಯವರಿಗೆ ಪರಿಚಯಿಸಿದೆ. ನಾನು ಫೋನಿನಲ್ಲಿ ಏನು ಒತ್ತಿದೆ ಎಂದು ಅತ್ತೆ ಕೇಳಿದರು.

“ಕಿವಿ ಸ್ವಲ್ಪ ಮಂದ ಅಂತ ಬರದೆ, ಅತ್ಯಾ,” ಎಂದು ಕಿರುಚಿದೆ.

“ಮಂದ ಆಗ್ಲಿಕ್ಕೆ ನಾ ಏನ್ ಕಂದೀಲೇನೋ ತಮ್ಮಾ? ಕೆಪ್ಪಿ ಅಂತ ಬರಿ. ಒಂದ ಅಕ್ಷರದಾಗ ಮುಗೀತದ.”

ಒಂದಕ್ಷರದಲ್ಲಿ ಮುಗಿಯುವುದಿಲ್ಲ, ಆದರೂ ‘ಡೆಫ್’ ಎಂದು ತಿದ್ದಿದೆ. ನೆರೆಯವರು ಅತ್ತೆಯ ಕೈ ಹಿಡಿದು ಕುಲುಕಿದರು. ಅವರಿಗೆ ಇಸ್ಪೀಟಿಗೆ ಜೊತೆಗಾರರೊಬ್ಬರು ಬೇಕಾಗಿದ್ದರು. ಹಳೆಯ ಜೊತೆಗಾರ ಮಗಳ ಊರಿಗೆ ಹೋಗಿಬಿಟ್ಟಿದ್ದ.

ಬುಧವಾರ ಮಧ್ಯಾಹ್ನ ಇಲ್ಲಿನ ಹಿರಿಯರ ಕ್ಲಬ್ಬಿನಲ್ಲಿ ಬ್ರಿಸ್ಕೊಲ ಆಡುತ್ತಾರೆ. ನಾಲ್ವರು ಆಡುವ ಈ ಇಟಾಲಿಯನ್ ಆಟದಲ್ಲಿ ಜೊತೆಗಾರರು ಮುಖದಲ್ಲೇ ಸನ್ನೆ ಮಾಡಿಕೊಳ್ಳಬಹುದು. ತುಟಿ ಬಿಗಿದರೆ ಎಕ್ಕ, ಬಾಯಿ ಓರೆಯಾದರೆ ಮೂರು, ಕಣ್ಣು ಮೇಲೆ ಹೋದರೆ ರಾಜ. ನಮ್ಮೂರಲ್ಲಿ ಇದಕ್ಕೆ ಕಳ್ಳಾಟ ಎನ್ನುತ್ತಾರೆ, ಎಲೆ ಕಸಿದುಕೊಂಡು ಎಬ್ಬಿಸುತ್ತಾರೆ. ಇಲ್ಲಿ ಇದೇ ಆಟ. ಎದುರಾಳಿ ಅತ್ತ ನೋಡಿದಾಗ ಸನ್ನೆ ಕೊಡುವುದೇ ಜಾಣತನ.

ಕಿವಿ ಕೇಳುವ ಜನ ಪದೇಪದೇ ಅತ್ತ ನೋಡುತ್ತಾರೆ. ಯಾರೋ ನಕ್ಕರು, ಲೋಟ ಬಿತ್ತು, ಯಾರೋ ಹೆಸರು ಹಿಡಿದು ಕೂಗಿದರು. ನೆರೆಯವರೂ ಅತ್ತೆಯೂ ಎದುರಿಗಿದ್ದ ಮುಖಗಳಿಂದ ಕಣ್ಣು ತೆಗೆಯುತ್ತಲೇ ಇರಲಿಲ್ಲ. ಮೊದಲ ತಿಂಗಳಲ್ಲೇ ಇಬ್ಬರೂ ಎಲ್ಲರನ್ನೂ ಸೋಲಿಸಿದರು. ಕ್ಲಬ್ಬಿನ ಅಧ್ಯಕ್ಷರು ಬುಧವಾರ ತಪ್ಪದೆ ಸೋತರು.

“ಆ ಅಧ್ಯಕ್ಷಂಗ ಎಕ್ಕಾ ಬಂದ್ರ ಹುಣಸಿಹಣ್ಣು ತಿಂದಂಗ ಮಾರಿ ಮಾಡ್ತಾನ,” ಎಂದರು ಅತ್ತೆ, ಕ್ಲಬ್ಬಿನ ನಡುಮಧ್ಯದಲ್ಲಿ, ಸಂತೆಯ ದನಿಯಲ್ಲಿ. ಕನ್ನಡವಾದ್ದರಿಂದ ಬಚಾವಾದೆವು.

ಈ ವಸಂತದಲ್ಲಿ ಟೂರ್ನಮೆಂಟ್ ಘೋಷಣೆಯಾಯಿತು. ಬಹುಮಾನ ಒಣಗಿಸಿದ ಒಂದು ಇಡೀ ಹಂದಿತೊಡೆ. ಅತ್ತೆ ಚಾತುರ್ಮಾಸದಲ್ಲಿ ಈರುಳ್ಳಿಯನ್ನೂ ಮುಟ್ಟುವವರಲ್ಲ. “ಗೆದ್ರ ಏನ್ ಮಾಡ್ತಿ, ಅತ್ಯಾ?” ಎಂದರೆ, “ಗೆದ್ದ ಮ್ಯಾಲೆ ನೋಡೂಣು,” ಎಂದರು. ಅವರಿಗೆ ಬೇಕಾಗಿದ್ದು ಗೆಲುವು. ನೆರೆಯವರಿಗೆ ಬೇಕಾಗಿದ್ದು ಮುಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕದ ತಮ್ಮ ಎಂದಿನ ಕುರ್ಚಿ.

ಟೂರ್ನಮೆಂಟಿನ ಮೊದಲ ಬುಧವಾರ ನಾವು ಹೋದಾಗ ಆ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅಡುಗೆಕೋಣೆಯ ಬಾಗಿಲ ಬಳಿ ಹೊಸದೊಂದು ಮೇಜು ಹಾಕಿ, ಮೇಲೆ ಫಲಕ ಇಟ್ಟಿದ್ದರು. ಒಂದು ಸಾಲಿನಲ್ಲಿ ‘ನೊನ್ ಉದೆಂತಿ’, ಕೆಳಗೆ ‘ಹಿಯರಿಂಗ್ ಇಂಪೇರ್ಡ್’. ಎರಡೇ ಕುರ್ಚಿ. ನಾಲ್ವರ ಆಟಕ್ಕೆ ಎರಡು ಕುರ್ಚಿ ಎಂದರೆ ಅರ್ಥ ಸ್ಪಷ್ಟವಿತ್ತು.

ಅಧ್ಯಕ್ಷರು ನನ್ನ ಭುಜ ತಟ್ಟಿ, “ಅವರ ಅನುಕೂಲಕ್ಕೇ ಇದು. ಪ್ರಶಾಂತವಾದ ಜಾಗ,” ಎಂದರು. ಕಿವುಡರಿಗೆ ಪ್ರಶಾಂತ ಜಾಗ ಏಕೆ ಎಂದು ಕೇಳಿದೆ. ಅವರು ಕಿವಿಗೆ ಅಂಗೈ ಹಿಡಿದು “ಕೋಸಾ?” ಎಂದರು. ಏನು ಎಂದರ್ಥ.

ನೆರೆಯವರು ಆ ಅಂಗೈಯನ್ನು ನೋಡಿದರು. ಫೋನು ತೆಗೆದು ಇಟಾಲಿಯನ್ನಿನಲ್ಲಿ ಏನೋ ಒತ್ತಿ, ಕಾಫಿ ಕೊಡುವ ಹೆಂಗಸಿಗೆ ತೋರಿಸಿದರು. ಕ್ಲಬ್ಬಿನ ಆ ಹಾಲ್‌ನಲ್ಲಿ ಎಪ್ಪತ್ತು ದಾಟದವರೆಂದರೆ ಆಕೆ ಮತ್ತು ನಾನು. ಆಕೆ ಬಾಯಿಗೆ ಸೆರಗಿನಂತೆ ಏಪ್ರನ್ ಅಡ್ಡ ಹಿಡಿದು ನಕ್ಕಳು. ಆಮೇಲೆ ಹಾಲ್‌ನ ನಡುವೆ ಹೋಗಿ, ಮೈಕ್ ಮುಟ್ಟದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಅದನ್ನು ಓದಿದಳು. ಅದರ ಅರ್ಥ ಆಕೆಯೇ ನನಗೆ ಮೊದಲು ಹೇಳಿದ್ದಳು: “ಇದು ಕೇಳಿಸಿದವರು ಎದ್ದು ನಿಲ್ಲಿ. ನಿಮಗೆ ಇವತ್ತು ಕಾಫಿ ಬಿಟ್ಟಿ.”

ಯಾರೂ ಕದಲಲಿಲ್ಲ. ಇನ್ನೊಮ್ಮೆ ಓದಿದಳು. ಒಬ್ಬರು ಎದ್ದರು, ನೇರವಾಗಿ ಶೌಚಾಲಯಕ್ಕೆ ಹೋದರು.

ನೆರೆಯವರು ಮೂಲೆಯ ಫಲಕವನ್ನು ಎರಡೂ ಕೈಯಲ್ಲಿ ದೇವರ ಮೂರ್ತಿಯಂತೆ ಹಿಡಿದು ತಂದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟರು. ಜೇಬಿನಿಂದ ಪೆನ್ನು ತೆಗೆದು ಎರಡೂ ಸಾಲುಗಳನ್ನು ಹೊಡೆದು ಹಾಕಿ, ‘ಸೊರ್ದಿ’ ಎಂದು ಬರೆದರು. ಕಿವುಡರು. ಕಾಫಿಯ ಹೆಂಗಸು ಈ ಸಲ ಮೈಕ್ ಹಿಡಿದು ನಡೆದದ್ದನ್ನೆಲ್ಲ ಎಲ್ಲರಿಗೂ ವಿವರಿಸಿದಳು. ಮೊದಲು ನಕ್ಕವರು ಅಧ್ಯಕ್ಷರ ಜೊತೆಗಾರರೇ. ನಾಲ್ಕೂ ಕಡೆಯಿಂದ ಬಿಟ್ಟಿ ಕಾಫಿಗೆ ಬೇಡಿಕೆ ಬಂತು.

ಅತ್ತೆ ನೆರೆಯವರಿಂದ ಪೆನ್ನು ಇಸಿದುಕೊಂಡು ಅದರ ಕೆಳಗೆ ಕನ್ನಡದಲ್ಲಿ ‘ಕೆಪ್ಪರು’ ಎಂದು ಸೇರಿಸಿದರು. ನಾನು ಡೆಸ್ಕಿನಲ್ಲಿದ್ದಷ್ಟು ಕಾಲ ನಮ್ಮ ಪತ್ರಿಕೆಯಲ್ಲಿ ಆ ಪದ ಅಚ್ಚಾಗಿರಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿ ನೆರೆಯವರಿಗೆ ಅಂದೇ ಸಿಕ್ಕಿತು. ಮೂಲೆಯ ಮೇಜಿನ ಮೇಲೆ ಈಗ ಸಕ್ಕರೆ ಡಬ್ಬಿ ಇಡುತ್ತಾರೆ. ನೆರೆಯವರೂ ಅತ್ತೆಯೂ ಫೈನಲ್ ತಲುಪಿದ್ದಾರೆ. ಎದುರಾಳಿಗಳು ಅಧ್ಯಕ್ಷರು ಮತ್ತು ಅವರ ಜೊತೆಗಾರ. ಕಳೆದ ಬುಧವಾರ ಹೊರಗೆ ಮೋಡ ಕವಿದಿತ್ತು. ಅಧ್ಯಕ್ಷರು ಕಪ್ಪು ಕನ್ನಡಕ ಹಾಕಿಕೊಂಡು, ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು ಅಭ್ಯಾಸಕ್ಕೆ ಬಂದಿದ್ದರು.